ಗೋಮುಖದ ತನಕ

ನಮ್ಮ ಓಣಿಯಲ್ಲಿ ಸೋಮವಾರ ಸಂಜೆ ಭಜನೆ ಮುಗಿದ ಮೇಲೆ ಹೆಂಗಸರು ಒಬ್ಬೊಬ್ಬರಾಗಿ ನನ್ನ ಪಕ್ಕ ಬಂದು ಕೂರುತ್ತಾರೆ. ಮೊದಲೆಲ್ಲ ಉಪ್ಪಿನಕಾಯಿಗೆ ಉಪ್ಪು ಎಷ್ಟು, ಹಿಮ್ಮಡಿ ನೋವಿಗೆ ಏನು ಮಾಡಿದಿರಿ ಎಂದು ಕೇಳುತ್ತಿದ್ದರು. ಈಗ ಕೇಳುವುದು ಬೇರೆ.

"ಅಕ್ಕಾರ, ಆ ಖಾಲಿ ಮನಿಯಾಗ ತಿರಗ್ಯಾಡೋ ಆಟ ಅದಾವಂತಲ್ಲರೀ, ಅದರಾಗ ಛಲೋದು ಯಾವುದು? ನಮ್ಮ ಹುಡುಗಿ ಕಂಪ್ಯೂಟರ್‌ನಾಗ ಹಾಕಿಸ್ಕೋತೀನಿ."

ರಾಯಚೂರಿನ ಬಿಸಿಲಲ್ಲಿ ದಿನವಿಡೀ ಬೆಂದು, ಸಂಜೆ ಭಜನೆಯಲ್ಲಿ ಇದ್ದಬದ್ದ ಧ್ವನಿಯನ್ನೂ ಕಳೆದುಕೊಂಡು ಕುಳಿತವಳಿಗೆ ಒಂದೇ ಮಾತನ್ನು ಹತ್ತು ಜನರಿಗೆ ಹೇಳುವ ಶಕ್ತಿ ಇರುವುದಿಲ್ಲ. ಬರೆದಿಟ್ಟರೆ ಓದಿಕೊಳ್ಳುತ್ತಾರೆ ಎಂದು ಕುಳಿತಿದ್ದೇನೆ. ಆದರೆ ಆಟಗಳ ಮಾತು ಹೇಳಬೇಕೆಂದರೆ ಮಾನ್ವಿಯಲ್ಲಿರುವ ನನ್ನ ತಂಗಿಯ ಮಾತನ್ನೂ ಹೇಳಬೇಕು. ಅವಳನ್ನು ಬಿಟ್ಟು ಹೇಳಿದರೆ ಅರ್ಧ ಸುಳ್ಳಾಗುತ್ತದೆ.

ಆಟ ಅಂದರೆ ನೀವು ಅಂದುಕೊಂಡ ಆಟವಲ್ಲ. ಇದರಲ್ಲಿ ಗುಂಡು ಹಾರಿಸುವುದಿಲ್ಲ, ಓಡುವುದಿಲ್ಲ, ಗೆದ್ದೆ ಸೋತೆ ಎಂದು ಯಾರೂ ಕೂಗುವುದಿಲ್ಲ. ನಮಗೆ ನಾವೇ ಕಾಣುವುದೂ ಇಲ್ಲ. ಎದುರಿಗೆ ಕಾಣುವುದೆಲ್ಲ ನಮ್ಮ ಎರಡು ಕಣ್ಣಿಗೆ ಬಿದ್ದಂತೆ ಕಾಣುತ್ತದೆ, ಅಷ್ಟೇ. ಒಂದು ಮನೆಯೋ, ಊರೋ, ತೋಟವೋ ಇರುತ್ತದೆ. ಅಲ್ಲಿದ್ದವರು ಎಲ್ಲಿಗೋ ಹೋಗಿರುತ್ತಾರೆ. ಬಾಗಿಲುಗಳಿಗೆ ಬೀಗ ಬಿದ್ದಿರುತ್ತದೆ. ಅಲ್ಲಿ ಬಿಟ್ಟುಹೋದ ಚೀಟಿ ಓದಿ, ಗೋಡೆಯ ಗುರುತು ನೋಡಿ, ಒಂದಕ್ಕೊಂದು ಹೊಂದಿಸಿ ಬಾಗಿಲು ತೆಗೆಯಬೇಕು. ಇಷ್ಟೇ ಕೆಲಸ.

ನನಗೆ ಇದು ಹತ್ತಿಕೊಂಡದ್ದು ಹಿಮ್ಮಡಿಯಿಂದ. ಅಡುಗೆಮನೆಯ ಕಲ್ಲಿನ ನೆಲದ ಮೇಲೆ ನಿಂತು ನಿಂತು ಎರಡು ವರ್ಷದ ಹಿಂದೆ ಬೆಳಿಗ್ಗೆ ಕಾಲು ಊರಲಾರದಷ್ಟು ನೋವು ಬಂತು. ದಿನಾ ಮಧ್ಯಾಹ್ನ ಉಪ್ಪು ಹಾಕಿದ ಬಿಸಿನೀರಿನಲ್ಲಿ ಇಪ್ಪತ್ತು ನಿಮಿಷ ಕಾಲು ಇಟ್ಟುಕೊಂಡು ಕೂರಬೇಕು ಎಂದು ಡಾಕ್ಟರು ಚೀಟಿಯಲ್ಲಿ ಬರೆದುಕೊಟ್ಟರು. ಮದುವೆಯಾಗಿ ಇಪ್ಪತ್ತೆಂಟು ವರ್ಷದಲ್ಲಿ ನನಗೆ "ಕೂಡು" ಎಂದು ಬರೆದುಕೊಟ್ಟವರು ಅವರೊಬ್ಬರೇ. ಪ್ರಭುವಿನ ದಯೆ ನೋವಿನ ರೂಪದಲ್ಲಿ ಬಂದರೂ ದಯೆಯೇ ಎಂದುಕೊಂಡು ಬಕೆಟ್ಟು ತಂದಿಟ್ಟುಕೊಂಡೆ.

ಕಾಲೇಜಿನಿಂದ ಮಧ್ಯಾಹ್ನಕ್ಕೇ ಮನೆಗೆ ಬರುವ ನನ್ನ ಮಗಳು ಎರಡು ದಿನ ನೋಡಿದಳು. ಮೂರನೆಯ ದಿನ ತನ್ನ ಲ್ಯಾಪ್‌ಟಾಪನ್ನು ಸ್ಟೂಲಿನ ಮೇಲಿಟ್ಟು ನನ್ನ ಮುಂದೆ ಎಳೆದಳು.

"ಕಾಲು ನೆನಿಯೋ ತನಕ ಕೈ ಖಾಲಿ ಅದಾವಲ್ಲ, ಆಡು."

"ಹುಚ್ಚೇನ್ಬೇ ನಿನಗ? ನನ್ನ ವಯಸ್ಸೇನು, ಆಟೇನು?"

"ಗೋಡಿ ನೋಡ್ಕೋತ ಕುಂದ್ರೋದಕಿಂತ ಛಲೋ ಅದ, ಹಿಡಿ."

ಅವಳು ಹಾಕಿಕೊಟ್ಟ ಮೊದಲ ಆಟ ಸಮುದ್ರದ ದಂಡೆಯ ಒಂದು ಮನೆ. ನಿಮಗೆ ನಾನು ಹೇಳುವ ಮೊದಲ ಆಟವೂ ಅದೇ. ಬಾಗಿಲು ತೆಗೆದು ಒಳಗೆ ಹೋದೆ. ಪಡಸಾಲೆಯಲ್ಲಿ ಯಾರೂ ಇಲ್ಲ. ನನಗೇ ತಿಳಿಯದೆ, "ಯಾರದೀರ್ರೀ ಒಳಗ?" ಎಂದು ಗಟ್ಟಿಯಾಗಿ ಕೇಳಿಬಿಟ್ಟೆ. ಮಗಳು ನೆಲಕ್ಕೆ ಬಿದ್ದು ನಕ್ಕಳು. ಆಮೇಲೆ ಚಪ್ಪಲಿ ಬಿಡುವ ಜಾಗ ಹುಡುಕತೊಡಗಿದೆ.

"ಅವ್ವಾ, ಅದರಾಗ ನಿನಗ ಕಾಲೇ ಇಲ್ಲ."

"ಕಾಲಿಲ್ಲಂದ್ರ ನೋವೂ ಇಲ್ಲ. ಪಾಡಾತು ಬಿಡು."

ಆ ಮನೆಯ ಅಡುಗೆಮನೆಯಲ್ಲಿ ನಾಲ್ಕು ಕಪ್ಪುಗಳಲ್ಲಿ ಅರ್ಧರ್ಧ ಚಹಾ ಹಾಗೇ ಉಳಿದಿತ್ತು. ತೊಟ್ಟಿಯ ತುಂಬ ಪಾತ್ರೆ. ಅವನ್ನು ತೊಳೆಯಬೇಕೆಂದು ಒತ್ತಿದೆ, ಏಳಲಿಲ್ಲ. ಮತ್ತೆ ಒತ್ತಿದೆ. ತೊಳೆಯಲು ಬರುವುದೇ ಇಲ್ಲವಂತೆ. ಮೊದಲು ಜೀವ ಚಡಪಡಿಸಿತು. ಆಮೇಲೆ ಏನೋ ಹಗುರವಾಯಿತು. ಪಾತ್ರೆ ತುಂಬಿದ ತೊಟ್ಟಿಯ ಮುಂದೆ ನಿಂತು, ತೊಳೆಯದೇ ಹೊರಗೆ ಬರುವುದು ಹೇಗಿರುತ್ತದೆ ಎಂಬುದು ನನಗೆ ಅಲ್ಲಿಯತನಕ ಗೊತ್ತಿರಲಿಲ್ಲ. ಇಡೀ ಮನೆ ಸುತ್ತಿದೆ. ಊಟಕ್ಕೆ ಏನು ಎಂದು ಒಬ್ಬರೂ ಕೇಳಲಿಲ್ಲ. ಮೇಲಿನ ಕೋಣೆಯ ಬೀಗದ ಕೈ ಎಲ್ಲಿದೆ ಎಂದು ನಾಲ್ಕನೆಯ ದಿನ ಹೊಳೆಯಿತು: ಗಡಿಯಾರದೊಳಗೆ. ನಮ್ಮ ಅತ್ತೆಯೂ ತಿಜೋರಿಯ ಕೀಲಿ ಅಲ್ಲೇ ಇಡುತ್ತಿದ್ದರು. ನೀರು ತಣ್ಣಗಾದರೆ ಆಟ ನಿಲ್ಲಿಸಬೇಕು ಎಂಬುದು ನಾನೇ ಹಾಕಿಕೊಂಡ ನೇಮ. ಕಳೆದ ತಿಂಗಳಿನ ಕ್ಯಾಲೆಂಡರ್ ಹಾಳೆ ಹರಿದು, ಹಿಂದಿನ ಬಿಳಿ ಬದಿಯಲ್ಲಿ ಆ ಮನೆಯ ನಕ್ಷೆ ಬರೆದಿಟ್ಟುಕೊಳ್ಳುತ್ತಿದ್ದೆ. ನೀವೂ ಹಾಗೇ ಮಾಡಿ. ಕುಕ್ಕರ್ ಕೂಗುವ ಮನೆಯಲ್ಲಿ ತಲೆಯೊಳಗೆ ಏನೂ ನಿಲ್ಲುವುದಿಲ್ಲ.

ಇನ್ನು ತಂಗಿಯ ಮಾತು.

ಅವಳು ನನಗಿಂತ ಎಂಟು ವರ್ಷ ಚಿಕ್ಕವಳು. ಮಾನ್ವಿಯಲ್ಲಿ ಗಂಡನದು ಹೊಲಿಗೆ ಅಂಗಡಿ. ಕಳೆದ ವರ್ಷ ಕಲ್ಲೂರಿನಲ್ಲಿ ನೆಂಟರ ಮನೆಯ ತೊಟ್ಟಿಲ ಕಾರ್ಯಕ್ಕೆಂದು ಟಂಟಂ ಹತ್ತಿ ಹೊರಟಿದ್ದಳು. ಎಂಟು ಜನ ಕೂರುವ ಗಾಡಿಯಲ್ಲಿ ಹದಿನಾಲ್ಕು ಜನ. ತಿರುವಿನಲ್ಲಿ ಗಾಡಿ ಪಲ್ಟಿಯಾಯಿತು. ತಂಗಿಗೆ ಮಣಿಕಟ್ಟು ಉಳುಕಿದ್ದು ಬಿಟ್ಟರೆ ಏನೂ ಆಗಲಿಲ್ಲ. ಅವಳ ಮೊಣಕಾಲಿಗೆ ಮೊಣಕಾಲು ತಾಗಿಸಿ ಕುಳಿತಿದ್ದ ಮುದುಕಿ, "ಇದೊಂದೀಟು ಹಿಡ್ಕೋ ಯವ್ವಾ" ಎಂದು ತನ್ನ ಚೀಲ ಕೊಟ್ಟಿದ್ದವಳು, ಅಲ್ಲೇ ಹೋಗಿಬಿಟ್ಟಳು. ಯಾರೆಂದು ತಂಗಿಗೆ ಗೊತ್ತಿಲ್ಲ. ಚೀಲ ಮಾತ್ರ ಅವಳ ಕೈಯಲ್ಲೇ ಇತ್ತಂತೆ.

ಆಮೇಲೆ ಅವಳು ಹೊಸ್ತಿಲು ದಾಟಲಿಲ್ಲ. ದಾಟುವುದಿಲ್ಲ ಎಂದು ಹಟ ಮಾಡಿದ್ದಲ್ಲ. ಬಾಗಿಲ ಹತ್ತಿರ ಬಂದರೆ ಕೈಕಾಲು ತಣ್ಣಗಾಗುತ್ತಿತ್ತು, ಎದೆ ಹೊಡೆದುಕೊಳ್ಳುತ್ತಿತ್ತು, ಅಲ್ಲೇ ಕುಸಿದು ಕೂರುತ್ತಿದ್ದಳು. ಡಾಕ್ಟರು ಒಮ್ಮೆ ಮನೆಗೇ ಬಂದು ನೋಡಿದರು. ಮಾತ್ರೆಗಳು ನಿದ್ದೆ ಕೊಟ್ಟವು, ಧೈರ್ಯ ಕೊಡಲಿಲ್ಲ. ತಾಯತ ಕಟ್ಟಿಸಿದೆವು. ನಾನು ಹೊಳೆದಂಡೆಯ ಗೂಗಲ್ ಎಂಬ ಊರಿಗೆ ಹೋಗಿ ಅಲ್ಲಿಯ ಅಲ್ಲಮಪ್ರಭುವಿನ ಗುಡಿಯ ವಿಭೂತಿ ತಂದು ಹಚ್ಚಿದೆ. ವಿಭೂತಿ ಹಚ್ಚಿಸಿಕೊಂಡು ಮಂಚದ ಮೇಲೆ, ಬೀದಿ ಬಾಗಿಲಿಗೆ ಬೆನ್ನು ಮಾಡಿ ಕುಳಿತಳು.

ಇಷ್ಟೇ ಆಗಿದ್ದರೆ ಕಾಯಬಹುದಿತ್ತು. ಆದರೆ ದೇವದುರ್ಗದಲ್ಲಿ ಅಣ್ಣನ ಮನೆಯಲ್ಲಿ ನಮ್ಮ ಅವ್ವ ಸೊಂಟ ಮುರಿದು ಹಾಸಿಗೆ ಹಿಡಿದಿದ್ದಳು. ಅವಳನ್ನು ಗಾಡಿಯಲ್ಲಿ ಕೂರಿಸಿ ತರುವ ಹಾಗಿಲ್ಲ. ಅವಳಿಗೆ ಟಂಟಂ ವಿಷಯ ಹೇಳಬೇಡಿ, ಎದೆ ಒಡೆದುಕೊಳ್ಳುತ್ತಾಳೆ ಎಂದು ಅಣ್ಣ ಕಟ್ಟುನಿಟ್ಟು ಮಾಡಿದ್ದ. ಹಾಗಾಗಿ ತಂಗಿಗೆ ಜ್ವರ, ತಂಗಿಯ ಮನೆಗೆ ಬೀಗರು, ಅಂಗಡಿಯಲ್ಲಿ ಮದುವೆ ಸೀಜನ್ ಎಂದು ಸುಳ್ಳು ಹೇಳಿದೆವು. ಸುಳ್ಳು ಹೇಳಿದ ದಿನ ದೇವರ ಮುಂದೆ ಒಂದು ದೀಪ ಹೆಚ್ಚಿಗೆ ಹಚ್ಚುತ್ತಿದ್ದೆ, ಆದರೂ ಹೇಳಿದೆವು. ಅವ್ವ ನಂಬಲಿಲ್ಲ. ತಾನೇ ಒಂದು ಕಾರಣ ಹುಡುಕಿಕೊಂಡಳು. ಗಾಡಿ ಪಲ್ಟಿಯಾಗುವ ಮುಂಚಿನ ಪಂಚಮಿಗೆ ತಂಗಿ ತವರಿಗೆ ಬಂದಾಗ, ತಾನು ಅತ್ತಿಗೆಯ ಮುಂದೆ, "ಇನ್ನೂ ನಿನ್ನ ಕೈಯಾಗ ರೊಟ್ಟಿ ದುಂಡಗ ಬರವಲ್ದಲ್ಲಬೇ, ಗಂಡ ಹ್ಯಾಂಗ ಉಣ್ತಾನ?" ಎಂದಿದ್ದಳಂತೆ. ಅದಕ್ಕೇ ಸಿಟ್ಟಾಗಿ ಬರುತ್ತಿಲ್ಲ ಎಂದು ಅವಳ ಲೆಕ್ಕ. ನಾನು ಭಾನುವಾರ ಹೋದಾಗಲೆಲ್ಲ ಒಂದೇ ಪ್ರಶ್ನೆ.

"ಸಣ್ಣಾಕಿ ಸಿಟ್ಟು ಇಳೀತೇನು?"

"ಸಿಟ್ಟೆಲ್ಲಿದು ಯವ್ವಾ? ಕೆಲಸ ಭಾಳ ಅದಾವ ಆಕಿಗೆ."

"ಫೋನ್ ಮಾಡಿದ್ರ ಎರಡ ಮಾತಿಗೆ ಇಡ್ತಾಳ. ನಾ ಸಾಯೋದ್ರೊಳಗ ಬರ್ತಾಳಿಲ್ಲೋ ಕೇಳಿ ಬಾ."

ತಂಗಿ ಫೋನ್ ಬೇಗ ಇಡುತ್ತಿದ್ದದ್ದು ಅಳು ಬರುತ್ತಿದ್ದುದರಿಂದ. ಗುರುವಾರ ಮಾನ್ವಿ, ಭಾನುವಾರ ದೇವದುರ್ಗ, ಉಳಿದ ದಿನ ರಾಯಚೂರಿನ ಮನೆಗೆಲಸ. ಬಸ್ಸಿನ ಕಿಟಕಿಗೆ ತಲೆ ಆನಿಸಿ ಎಷ್ಟೋ ಸಲ ಇಳಿಯುವ ಊರು ಯಾವುದೆಂದು ಮರೆತಿದ್ದೇನೆ. ಇಬ್ಬರ ನಡುವೆ ಸುಳ್ಳು ಹೊತ್ತು ತಿರುಗುವುದು ರೊಟ್ಟಿ ಗಂಟು ಹೊತ್ತು ತಿರುಗಿದಂತಲ್ಲ. ಅದನ್ನು ಎಲ್ಲಿಯೂ ಇಳಿಸಲಾಗುವುದಿಲ್ಲ.

ಒಂದು ಗುರುವಾರ ಮಗಳ ಹಳೆಯ ಲ್ಯಾಪ್‌ಟಾಪನ್ನು ಸೀರೆಯಲ್ಲಿ ಸುತ್ತಿ, ಸಜ್ಜೆ ರೊಟ್ಟಿಯ ಗಂಟಿನ ಜೊತೆ ಚೀಲಕ್ಕೆ ಹಾಕಿಕೊಂಡು ಹೋದೆ. ಅದರ ಒಂದು ಕೀಲು ಮುರಿದಿತ್ತು. ಹಿಂದೆ ಉಪ್ಪಿನಕಾಯಿ ಭರಣಿ ಇಟ್ಟರೆ ಮಾತ್ರ ನೆಟ್ಟಗೆ ನಿಲ್ಲುತ್ತಿತ್ತು.

"ನಂಗ್ಯಾಕ ಇದು?" ಎಂದಳು ತಂಗಿ. "ಸಣ್ಣ ಹುಡುಗ್ಯಾರ ಆಟ."

"ನಾ ಆಡಾಕತ್ತೀನಿ. ನಾ ಸಣ್ಣಾಕಿ ಏನು?"

"ನಿಂಗ ತಲಿ ಕೆಟ್ಟದ."

ಆದರೂ ಕೈಯಿಟ್ಟಳು. ಸಮುದ್ರದ ಮನೆಯ ಬಾಗಿಲಲ್ಲಿ ನಿಂತು ಕೇಳಿದಳು, "ಇಲ್ಲಿ ಯಾರೂ ಬರಾಂಗಿಲ್ಲೇನು?"

"ಯಾರೂ ಬರಾಂಗಿಲ್ಲ."

"ಗಾಡಿ?"

"ಗಾಡೀನೂ ಇಲ್ಲ."

"ಒಂದೂ?"

"ಒಂದೂ ಇಲ್ಲ ತಾಯಿ, ಹೋಗು ಒಳಗ."

ಐದು ನಿಮಿಷದಲ್ಲಿ ಅವಳಿಗೆ ತಲೆ ಸುತ್ತಿ ಹೊಟ್ಟೆ ತೊಳೆಸಿತು. ಎಷ್ಟೋ ಜನರಿಗೆ ಹೀಗಾಗುತ್ತದೆ, ನಿಮಗೂ ಆಗಬಹುದು, ಅದಕ್ಕೇ ಹೇಳುತ್ತಿದ್ದೇನೆ. ಮಗಳಿಗೆ ಫೋನ್ ಮಾಡಿದೆ. ನಡೆಯುವಾಗ ತಲೆ ಕುಣಿಯುವುದನ್ನು ನಿಲ್ಲಿಸಲು ಒಂದು ಗುಂಡಿ ಇದೆಯೆಂದಳು, ಅದನ್ನು ಒತ್ತಿಸಿದಳು. ಪರದೆಯ ನಟ್ಟನಡುವೆ ಒಂದು ಸಣ್ಣ ಬಿಳಿ ಚುಕ್ಕಿ ಬರುವಂತೆ ಮಾಡಿಸಿದಳು. ಸುತ್ತ ಏನೇ ತಿರುಗಲಿ, ಕಣ್ಣು ಆ ಚುಕ್ಕಿಯ ಮೇಲೆ ಇಟ್ಟರೆ ತಲೆ ಸುತ್ತುವುದಿಲ್ಲ. ದೀಪದ ಕುಡಿ ನೋಡಿದ ಹಾಗೆ ನೋಡು ಎಂದು ನಾನು ಹೇಳಿಕೊಟ್ಟೆ. ಅದು ಅವಳಿಗೆ ಹಿಡಿಸಿತು.

ನಡುವೆ ಎರಡು ತಿಂಗಳು ಹಾಳಾದದ್ದು ನನ್ನ ತಪ್ಪಿನಿಂದ. ಯಾರೋ ಛಲೋ ಅದ ಎಂದರೆಂದು ನಾನೇ ಆಡಿ ನೋಡದೆ ಒಂದು ಆಟ ಹಾಕಿಸಿಕೊಟ್ಟೆ. ಉದ್ದ ಓಣಿಯಂತಹ ದಾರಿ, ಮಿಣುಕು ದೀಪ. ಅರ್ಧ ದಾರಿಯಲ್ಲಿ ಬಾಗಿಲು ಧಡಾರನೆ ತೆರೆದು ಒಂದು ಮುಖ ಮೇಲೆ ಬಿತ್ತಂತೆ. ತಂಗಿ ಕಿಟ್ಟನೆ ಚೀರಿ ಕೈ ಬೀಸಿದ್ದಕ್ಕೆ ಭರಣಿ ಉರುಳಿ, ಉಪ್ಪಿನಕಾಯಿ ಮಂಚದ ಮೇಲೆಲ್ಲ ಚೆಲ್ಲಿತು. ಆಮೇಲೆ ಅವಳು ಲ್ಯಾಪ್‌ಟಾಪ್ ಮುಟ್ಟಲಿಲ್ಲ. ಹೋದಾಗ ನನ್ನ ಮುಖವನ್ನೂ ಸರಿಯಾಗಿ ನೋಡಲಿಲ್ಲ. ಹಾಗಾಗಿ ಅಂಜಿಸುವ ಆಟಗಳನ್ನು ನಾನು ಯಾರಿಗೂ ಹೇಳುವುದಿಲ್ಲ. ನೀವು ಇನ್ನೊಬ್ಬರಿಗೆ ಕೊಡುವ ಮುಂಚೆ ಕೊನೆಯ ತನಕ ನೀವೇ ಆಡಿ ನೋಡಿ. ಸಾರಿನ ಉಪ್ಪು ನೋಡದೆ ಬಡಿಸುತ್ತೀರೇನು?

ಮತ್ತೆ ಅವಳನ್ನು ಒಲಿಸಿದ್ದು ಹಸಿರು ಗಾಜಿನ ಮನೆಯ ಆಟ. ಅದರಲ್ಲಿ ಒಣಗಿದ ಗಿಡಗಳಿರುತ್ತವೆ. ಯಾವ ನಳ ಯಾವ ಪಾತಿಗೆ ಹೋಗುತ್ತದೆ ಎಂದು ಹುಡುಕಿ ನೀರು ಬಿಡಬೇಕು. ನೀರು ಸೇರಿದ ಗಿಡ ಅಲ್ಲೇ ಕಣ್ಣೆದುರು ಚಿಗುರುತ್ತದೆ. ಮಳೆಯ ಸಪ್ಪಳ ಬಿಟ್ಟರೆ ಬೇರೆ ಸದ್ದಿಲ್ಲ. ಮನಸ್ಸು ತೀರಾ ದಣಿದವರಿಗೆ ಇದನ್ನೇ ಮೊದಲು ಕೊಡಿ. ಆ ವಾರ ತಂಗಿ ಹೊಟ್ಟೆ ತುಂಬ ಉಂಡಳು ಎಂದು ಅವಳ ಗಂಡ ಫೋನ್ ಮಾಡಿ ಹೇಳಿದ. ನಾನು ದೇವರ ಮುಂದೆ ಒಂದು ಕಾಯಿ ಒಡೆದೆ.

ಆಮೇಲೆ ಬಂದದ್ದು ದ್ವೀಪದ ಆಟ. ಮಗಳಿಗೆ ಪರೀಕ್ಷೆ. ಕೇಳಲು ಹೋದರೆ ಸಿಡುಕುತ್ತಿದ್ದಳು. ಹಾಗಾಗಿ ನಾನು ರಾಯಚೂರಿನಲ್ಲಿ ಬಕೆಟ್ಟಿನಲ್ಲಿ ಕಾಲಿಟ್ಟುಕೊಂಡು, ತಂಗಿ ಮಾನ್ವಿಯಲ್ಲಿ ಮಂಚದ ಮೇಲೆ ಕುಳಿತುಕೊಂಡು, ಫೋನಿನಲ್ಲಿ ಮಾತಾಡುತ್ತ ಒಟ್ಟಿಗೇ ಆಡಿದೆವು. ದ್ವೀಪದ ನಡುವೆ ಒಂದು ದುಂಡನೆಯ ಕಲ್ಲಿನ ಕಟ್ಟಡ. ಸುತ್ತ ಹಾಸುಗಲ್ಲಿನ ದಾರಿ, ದಾರಿಯ ಬದಿಗೆ ಸಣ್ಣ ಕಲ್ಲಿನ ಕಂಬಗಳು. ನಾವು ದಾಟಿದಂತೆ ಒಂದೊಂದು ಕಂಬಕ್ಕೂ ಬೆಳಕು ಹತ್ತಿಕೊಳ್ಳುತ್ತದೆ. ಎಲ್ಲಾ ಹತ್ತಿದರೆ ಬಾಗಿಲು ತೆರೆಯುತ್ತದೆ ಎಂದು ಚೀಟಿಯಲ್ಲಿ ಬರೆದಿತ್ತು. ಕಟ್ಟಡದ ಒಂದು ಬದಿಯಿಂದ ಕಲ್ಲಿನ ತೂಬೊಂದು ಹೊರಬಂದು, ಅದರಿಂದ ನೀರು ದಾರಿಗೆ ಅಡ್ಡವಾಗಿ ಹರಿದು ಹೋಗುತ್ತಿತ್ತು.

ನಾನು ಕಟ್ಟಡವನ್ನು ಬಲಕ್ಕೆ ಹಾಕಿಕೊಂಡು ಹೊರಟೆ. ನೀರಿನ ತನಕ ಬಂದೆ. ನಿಂತೆ. ತಿರುಗಿದೆ. ಬಂದ ದಾರಿಯಲ್ಲೇ ಹಿಂದಕ್ಕೆ ನಡೆದು, ಆ ಕಡೆಯಿಂದ ಮತ್ತೆ ನೀರಿನ ತನಕ ಹೋದೆ. ಅಷ್ಟರಲ್ಲಿ ಹತ್ತಿದ ದೀಪಗಳೆಲ್ಲ ಆರಿಹೋಗಿದ್ದವು. ಮರುದಿನವೂ ಹಾಗೇ. ಅದರ ಮರುದಿನವೂ ಹಾಗೇ. ಕ್ಯಾಲೆಂಡರ್ ಹಾಳೆಯ ಹಿಂದೆ ಕಂಬಗಳನ್ನು ಎಣಿಸಿ ಎಣಿಸಿ ಬರೆದೆ. ತಂಗಿಯೂ ಅಲ್ಲೇ ನಿಂತಿದ್ದಳು.

ನಾವಿಬ್ಬರೂ ಯಾಕೆ ತಿರುಗುತ್ತಿದ್ದೇವೆ ಎಂದು ನಮಗೇ ಹೊಳೆಯಲಿಲ್ಲ. ಸಣ್ಣವರಿದ್ದಾಗ ಈಶ್ವರನ ಗುಡಿಯಲ್ಲಿ ಅವ್ವ ನಮ್ಮ ರಟ್ಟೆ ಹಿಡಿದು ನಿಲ್ಲಿಸುತ್ತಿದ್ದಳು. ಲಿಂಗಕ್ಕೆ ಎರೆದ ನೀರು ಗೋಮುಖದಿಂದ ಹೊರಗೆ ಬರುತ್ತದೆ, ಅದನ್ನು ದಾಟಬಾರದು, ಅಲ್ಲಿಯ ತನಕ ಹೋಗಿ ಹಿಂದಕ್ಕೆ ಬರಬೇಕು, ಶಿವನಿಗೆ ಅಷ್ಟೇ ಪ್ರದಕ್ಷಿಣೆ. ನಲವತ್ತು ವರ್ಷ ಕಾಲಿನಲ್ಲಿ ಉಳಿದ ಆ ಮಾತು, ಕಾಲಿಲ್ಲದ ಆಟದಲ್ಲೂ ನಮ್ಮನ್ನು ತಿರುಗಿಸಿಬಿಟ್ಟಿತ್ತು.

ಹನ್ನೆರಡನೆಯ ದಿನ ಮಧ್ಯಾಹ್ನ ತಂಗಿಯ ಫೋನ್ ಬಂತು. ಧ್ವನಿ ಪಿಸುಮಾತಿನಂತಿತ್ತು.

"ಅಕ್ಕಾ, ನಾ ದಾಟಿದೆ."

ಹೊಸ್ತಿಲು ಎಂದುಕೊಂಡೆ. "ಏನು ದಾಟಿದಿ?"

"ಗೋಮುಖ. ಕೈ ಮುಗದು, ತಪ್ಪಾತು ನಮ್ಮಪ್ಪಾ ಅಂದೆ. ಕಣ್ಣು ಮುಚ್ಚಿ ದಾಟಿಬಿಟ್ಟೆ. ಎಲ್ಲಾ ದೀಪ ಹತ್ತಿದ್ವು. ಬಾಗಲಾ ತೆರೀತು."

"ಒಳಗ ಲಿಂಗ ಅದ ಏನು?"

"ಇಲ್ಲಕ್ಕಾ. ಪಂಪು ಅದ. ಇಷ್ಟು ದೊಡ್ಡ ನೀರೆತ್ತೋ ಪಂಪು."

ಮೊದಲು ಯಾರು ನಕ್ಕೆವೋ ಗೊತ್ತಿಲ್ಲ. ನನ್ನ ಕಾಲಿನ ಬಕೆಟ್ಟಿನ ನೀರು ನೆಲಕ್ಕೆಲ್ಲ ಚೆಲ್ಲುವಷ್ಟು ನಕ್ಕೆ. ತಂಗಿಯ ನಗು ಕೇಳದೆ ಹತ್ತಿರ ಹತ್ತಿರ ವರ್ಷವಾಗಿತ್ತು. ಓದುತ್ತಿದ್ದ ಮಗಳು ಎದ್ದು ಬಂದು ವಿಷಯ ತಿಳಿದು ಹಣೆ ಹಣೆ ಬಡಿದುಕೊಂಡಳು. "ಪಂಪ್‌ಹೌಸಿಗೆ ಹನ್ನೆರಡು ದಿನ ಪ್ರದಕ್ಷಿಣಿ ಹಾಕ್ಯಾರ! ಇಬ್ಬರೂ ಒಂದೇ ನಮೂನಿ."

ಮುಂದಿನ ಗುರುವಾರ ಹೋದಾಗ ತಂಗಿಯ ಮಂಚ ತಿರುಗಿತ್ತು. ಅವಳು ಬೀದಿ ಬಾಗಿಲಿಗೆ ಮುಖ ಮಾಡಿ ಕುಳಿತಿದ್ದಳು. ಪರದೆಯ ಮೇಲೆ ಬೆಳಕು ಬೀಳುತ್ತದೆ, ಅದಕ್ಕೇ ತಿರುಗಿಸಿದೆ ಎಂದಳು. ಅದರ ಮುಂದಿನ ಗುರುವಾರ ನಾನು ಚಹಾ ಕುಡಿದು ಲೋಟ ಇಡುತ್ತಿದ್ದಂತೆ ಅವಳು ಎದ್ದು ಸೆರಗು ಸಿಗಿಸಿಕೊಂಡಳು.

"ಅಕ್ಕಾ, ನೀ ಬಾಗಲದಾಗ ನಿಂದ್ರು. ನಾ ಹೋಗಿ ಬರ್ತೀನಿ. ಮಾತಾಡಸಬ್ಯಾಡ."

"ನಾನೂ ಬರ್ತೀನಿ ತಡಿ."

"ಬ್ಯಾಡಂದೆ. ಆಟದಾಗ ಯಾರಿರ್ತಾರ? ಒಬ್ಬಾಕಿನೇ ಹೋಗ್ತೀನಿ."

ಓಣಿಯ ಕೊನೆಗೆ ಯಾರದೋ ಮನೆಯ ಮುಂದೆ ಒಂದು ನೀಲಿ ಡ್ರಮ್ಮು ಇತ್ತು. ಕಣ್ಣನ್ನು ಅದರ ಮೇಲೆ ನೆಟ್ಟಿದ್ದಳು. ಹೊಸ್ತಿಲ ಮೇಲೆ ಬಹಳ ಹೊತ್ತು ನಿಂತಳು. ನಾನು ಬಾಯಲ್ಲಿ ಪ್ರಭುವಿನ ಹೆಸರು ಹಿಡಿದು ನಿಂತೆ. ಒಂದು ಕಾಲು ಇಳಿಸಿದಳು. ಇನ್ನೊಂದು ಇಳಿಸಿದಳು. ಬರಿಗಾಲು. ಎದುರು ಮನೆಯ ಹೆಂಗಸು ಅಕ್ಕಿ ಹಸನು ಮಾಡುತ್ತ ಕುಳಿತವಳು ತಲೆಯೆತ್ತಿ, "ಹೊಂಟ್ರೇನ್ರೀ?" ಎಂದಳು. ತಂಗಿ ಒಂದು ಕೈಯಿಂದ ಗೋಡೆ ಸವರುತ್ತ ನಡೆದಳು. ಏಳು ಮನೆ ದಾಟಿದಳು. ಓಣಿ ರಸ್ತೆಗೆ ಸೇರುವಲ್ಲಿ ಗಟಾರ, ಅದರ ಮೇಲೆ ಕಲ್ಲು ಚಪ್ಪಡಿ. ಚಪ್ಪಡಿಯ ಮುಂದೆ ನಿಂತಳು. ಅಷ್ಟರಲ್ಲಿ ರಸ್ತೆಯಲ್ಲಿ ಒಂದು ಟಂಟಂ ಹಾರ್ನ್ ಹೊಡೆಯುತ್ತ ಹೋಯಿತು. ಅವಳ ಬೆನ್ನು ಸಣ್ಣಗಾದದ್ದು ಬಾಗಿಲಿನಿಂದಲೇ ಕಂಡಿತು. ತಿರುಗಿದಳು. ಹೋದದ್ದಕ್ಕಿಂತ ಜೋರಾಗಿ ಬಂದು ಹೊಸ್ತಿಲ ಮೇಲೆ ಕುಸಿದು ಕುಳಿತಳು. ಮುಖದ ತುಂಬ ಬೆವರು, ಪಾದದ ತುಂಬ ಧೂಳು.

"ಆಗಲಿಲ್ಲಕ್ಕಾ. ಗಟಾರದ ತನಕ ಹೋದೆ. ದಾಟಾಕ ಆಗಲಿಲ್ಲ."

ನಾನು ಅವಳ ಪಾದ ಒರೆಸುತ್ತ, "ಗೋಮುಖದ ತನಕ ಹೋಗಿ ತಿರಗಿ ಬಂದ್ರ ಪ್ರದಕ್ಷಿಣಿ ಪೂರಾ ಆದಂಗ. ಅವ್ವ ಹೇಳಿಲ್ಲೇನು?" ಎಂದೆ.

ಅವಳು ಮೂಗು ಒರೆಸಿಕೊಂಡು ನನ್ನನ್ನು ನೋಡಿದಳು. "ಅಕ್ಕಾ, ಅದು ಗಟಾರ ಬೇ. ಗೋಮುಖ ಅಲ್ಲ."

"ಮತ್ತ ಅದು ಪಂಪ್‌ಹೌಸ್ ಇತ್ತು. ಅಲ್ಲೂ ತಿರಗಿ ಬಂದಿದ್ದಿಲ್ಲ?"

ನಗಲು ಹೋಗಿ ಕೆಮ್ಮಿದಳು. ಆಮೇಲೆ, ಉಸಿರು ಇನ್ನೂ ಸಮ ಆಗಿರಲಿಲ್ಲ, ಕೈ ಚಾಚಿದಳು. "ಫೋನ್ ಕೊಡು." ಯಾರಿಗೆ ಎಂದು ಕೇಳುವ ಮೊದಲೇ ದೇವದುರ್ಗಕ್ಕೆ ಹಚ್ಚಿದಳು. ನಾನು ಬೇಡ ಬೇಡ ಎಂದು ಕೈಸನ್ನೆ ಮಾಡಿದೆ. ಅಣ್ಣ ಬೈಯುತ್ತಾನೆ ಎಂದೆ. ಅವಳು ಕೇಳಲಿಲ್ಲ.

"ಯವ್ವಾ, ನಾ ಸಣ್ಣಾಕಿ. ನಂಗ ಸಿಟ್ಟಿಲ್ಲ. ಅಂಜಿಕಿ ಅದ. ಗಾಡಿ ಪಲ್ಟಿ ಆಗಿತ್ತು, ಇವರೆಲ್ಲ ನಿಂಗ ಹೇಳಿಲ್ಲ. ಆವಾಗಿಂದ ಬಾಗಲಾ ದಾಟಾಕ ಆಗವಲ್ದು. ಇವತ್ತ ಗಟಾರದ ತನಕ ಹೋಗಿ ಬಂದೆ."

ಅವ್ವನ ಎದೆ ಒಡೆಯಿತು ಎಂದೇ ನಾನು ಅಂದುಕೊಂಡೆ. ಆಮೇಲೆ ಅವಳ ಧ್ವನಿ ಬಂತು.

"ಚಪ್ಪಲಿ ಹಾಕ್ಕೊಂಡಿದ್ದೇನು?"

"ಇಲ್ಲ."

"ಬಿಸಲಾಗ ಬರಿಗಾಲಿಲೆ ಹೋಗ್ತಾರೇನ್ಬೇ? ನಾಳಿ ಹಾಕ್ಕೊಂಡು ಹೋಗು." ಸ್ವಲ್ಪ ತಡೆದು, "ಹಂಗಾದ್ರ ರೊಟ್ಟಿ ಮಾತಿಗೆ ಅಲ್ಲ?"

"ಯಾವ ರೊಟ್ಟಿ?"

ತಂಗಿಗೆ ಆ ಮಾತು ನೆನಪೇ ಇರಲಿಲ್ಲ. ಅವ್ವ ಆ ಕಡೆ ಅತ್ತಳೋ ನಕ್ಕಳೋ, ಫೋನಿನಲ್ಲಿ ಎರಡೂ ಒಂದೇ ಥರ ಕೇಳುತ್ತದೆ. ನಾನು ಗೋಡೆಗೆ ಒರಗಿ ಕುಳಿತುಬಿಟ್ಟೆ. ಎಷ್ಟು ಬಸ್ಸು, ಎಷ್ಟು ಸುಳ್ಳು, ಎಷ್ಟು ದಣಿವು. ಅವ್ವನ ಎದೆ ಒಡೆಯುತ್ತದೆಂದು ನಾವು ಕಾಪಾಡಿದ್ದೆಲ್ಲ ಅವಳನ್ನು ಒಳಗೊಳಗೇ ತಿಂದಿತ್ತು. ಅಣ್ಣ ನನಗೆ ಬೈದ, ಬೈಯಲಿ. ಆ ಭಾನುವಾರ ದೇವದುರ್ಗದ ಬಸ್ಸಿನಲ್ಲಿ ನಾನು ನಿದ್ದೆ ಮಾಡಿದೆ. ಕಂಡಕ್ಟರ್ ಎಬ್ಬಿಸಬೇಕಾಯಿತು.

ತಂಗಿ ಈಗ ಆರಾಮಾದಳು ಎಂದು ಬರೆದರೆ ಮತ್ತೆ ಸುಳ್ಳಾಗುತ್ತದೆ. ಗಟಾರ ದಾಟಲು ಇನ್ನೂ ಮೂರು ವಾರ ಬೇಕಾಯಿತು. ನಡುವೆ ಎಂಟು ದಿನ ಮಂಚ ಬಿಟ್ಟು ಏಳಲೇ ಇಲ್ಲ. ಡಾಕ್ಟರ ಮಾತ್ರೆಯೂ ನಡೆದಿದೆ, ವಿಭೂತಿಯೂ ನಡೆದಿದೆ, ಆಟವೂ ನಡೆದಿದೆ. ಯಾವುದರಿಂದ ಎಷ್ಟು ಎಂದು ಕೇಳಬೇಡಿ, ನನಗೆ ಗೊತ್ತಿಲ್ಲ. ನನ್ನ ಹಿಮ್ಮಡಿ ನೋವೂ ಪೂರ್ತಿ ಹೋಗಿಲ್ಲ. ಹೋದರೆ ಇಪ್ಪತ್ತು ನಿಮಿಷ ಕೂರಲು ಬೇರೆ ನೆಪ ಹುಡುಕಬೇಕಾಗುತ್ತದೆ.

ಅವ್ವ ಈಗ ಸಿಟ್ಟಿನ ಮಾತು ಕೇಳುವುದಿಲ್ಲ. ಗುರುವಾರ ಸಂಜೆ ನಾನು ಮಾನ್ವಿಯಿಂದ ಫೋನ್ ಮಾಡುವುದನ್ನೇ ಕಾಯುತ್ತಿರುತ್ತಾಳೆ. ಮೊನ್ನೆಯೂ ಹಾಗೇ, ಒಂದೇ ರಿಂಗಿಗೆ ಎತ್ತಿದಳು.

"ಇವತ್ತ ಎಲ್ಲೀ ತನಕ?"

"ಬಸ್ ಸ್ಟ್ಯಾಂಡ್ ತನಕ ಯವ್ವಾ. ಚಪ್ಪಲಿ ಹಾಕ್ಕೊಂಡಿದ್ದಳು. ದೇವದುರ್ಗದ ಬಸ್ಸು ನಿಂತಿತ್ತು, ಬೋರ್ಡ್ ಓದಿದಳು. ಮೆಟ್ಟಲದ ಮ್ಯಾಲ ಕೈಯಿಟ್ಟು ಬಂದಾಳ."

"ಹತ್ತಲಿಲ್ಲ?"

"ಹತ್ತಲಿಲ್ಲ."

ಅವ್ವ ಯೋಚಿಸಿದಳು. "ಬಸ್ಸಿನ ಬಾಗಲಾ ತೆಗದಿತ್ತೇನು?"

"ತೆಗದಿತ್ತು."

"ಹಂಗಾದ್ರ ಆಕಿ ಬರೋ ತನಕ ಇರ್ತೀನಿ ತಗೋ," ಎಂದು ಫೋನ್ ಇಟ್ಟಳು.